ಉಸಿರು ತೆಗೆದುಕೊಳ್ಳುವ ಜಾಗ

ಫೆಬ್ರವರಿ 3

ಬಾಮೈದ ಮಹಾಶಯನಿಗೆ,

ಈ ಕಾಗದ ನೋಡಿ ಭಾವ ಸೋತ ಎಂದು ಹಿಗ್ಗಬೇಡ. ನಾನು ಸೋತಿಲ್ಲ. ಮಿಲ್ಲಿನ ಯಜಮಾನರ ಮನೆ ಮದುವೆಯಲ್ಲಿ, ಅಷ್ಟು ಜನರ ಮುಂದೆ, ನಿನ್ನ ಕ್ಲಾರಿನೆಟ್ಟು ಕೋಳಿಯ ಕತ್ತು ಹಿಚುಕಿದ ಹಾಗೆ ಕಿರುಚಿದ್ದು ನಿಜ. ‘ಊದೋಕೆ ಬರದಿದ್ರೆ ತಾಳ ಹಿಡ್ಕೊಂಡು ಕೂತ್ಕೋ’ ಎಂದು ನಾನು ಅಂದದ್ದೂ ನಿಜ. ಅಂದದ್ದನ್ನು ವಾಪಸು ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ, ಅದು ನಿನಗೂ ಗೊತ್ತು. ಆದರೆ ಅಷ್ಟಕ್ಕೇ ವಾದ್ಯವನ್ನು ಪೆಟ್ಟಿಗೆಗೆ ತುಂಬಿಕೊಂಡು ಎದ್ದು ಹೋಗುವುದೆ? ಹೋದವನು ಒಡಹುಟ್ಟಿದ ಅಕ್ಕನಿಗೂ ಒಂದು ಮಾತು ಹೇಳದೆ ಊರು ಬಿಡುವುದೆ? ನೀನು ಯಾವುದೋ ಕಾಗದದ ಗೋದಾಮಿನಲ್ಲಿ ತೂಕ ಬರೆಯುವ ಗುಮಾಸ್ತನಾಗಿದ್ದೀಯ ಎಂದು ಬಸ್ಸಿನ ಕಂಡಕ್ಟರು ಹೇಳಿದ ಮೇಲೇ ನಮಗೆ ತಿಳಿದದ್ದು. ಒಳ್ಳೆಯದು. ತಕ್ಕಡಿ ಕಿರುಚುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನಿನ್ನ ಅಕ್ಕನಿಗೆ ಹುಷಾರಿಲ್ಲ. ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಈಗ ಮಂಚದಿಂದ ಕಿಟಕಿಯ ತನಕ ನಡೆದರೂ ಬರುತ್ತದೆ. ಡಾಕ್ಟರು ನನ್ನನ್ನು ಹೊರಗೆ ಕರೆದು ಬಾಗಿಲು ಮುಂದೆ ಮಾಡಿದರು. ‘ಈ ವರ್ಷ ದಾಟಿಸೋದು ಕಷ್ಟ. ಅವರು ಕೇಳಿದ್ದು ಮಾಡಿಕೊಡಿ’ ಅಂದರು. ಅವಳು ಕೇಳಿದ್ದು ಒಂದೇ. ‘ತಮ್ಮನ್ನ ಕರೆಸಿ’ ಅಂದಳು. ಯಾಕೆ ಎಂದು ನಾನು ಕೇಳಬೇಕೆ? ಜೋಡಿ ಧಾಟಿಗೇ ಇರಬೇಕು. ನಿಮ್ಮಪ್ಪ, ನನಗೆ ಮಾವನೂ ಹೌದು ಮಾಸ್ತರೂ ಹೌದು, ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಟ್ಟಿದ ಧಾಟಿ ಅದು. ಅದನ್ನು ಕೇಳುತ್ತಲೇ ಅಲ್ಲವೆ ಅವಳು ಬೆಳೆದದ್ದು. ಅದನ್ನು ಒಬ್ಬನೇ ಊದಲು ಬರುವುದಿಲ್ಲ ಎನ್ನುವುದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ನಾನು ಉಸಿರು ತೆಗೆದುಕೊಳ್ಳುವಾಗ ನೀನು ಹಿಡಿದಿರಬೇಕು, ನೀನು ತೆಗೆದುಕೊಳ್ಳುವಾಗ ನಾನು. ಕೇಳುವವರಿಗೆ ಒಂದೇ ಎದೆಯಿಂದ ಬಂದ ಹಾಗಿರಬೇಕು. ಮಾಸ್ತರು ಅದಕ್ಕಾಗಿ ನಮ್ಮ ಬೆನ್ನಿಗೆ ಎಷ್ಟು ಸಲ ಕೋಲು ಮುಟ್ಟಿಸಿಲ್ಲ.

ಬೇಗ ಬಾ.

ಇನ್ನೂ ಸಿಟ್ಟಿಳಿಯದ
ನಿನ್ನ ಭಾವ


ಫೆಬ್ರವರಿ 21

ಭಾವನವರಿಗೆ ನಮಸ್ಕಾರ.

ಕಾಗದ ತಲುಪಿತು. ಅಕ್ಕನನ್ನು ಚೆನ್ನಾಗಿ ನೋಡಿಕೊಳ್ಳಿ, ಮೆಟ್ಟಿಲು ಇಳಿಯಲು ಬಿಡಬೇಡಿ. ನೀರು ನೀವೇ ತನ್ನಿ.

ಇಲ್ಲಿ ಸದ್ಯ ರಜೆ ಸಿಗುವ ಹಾಗಿಲ್ಲ. ಹೊಸಬ ಅಂತ ಒಂದು ದಿನವೂ ಬಿಡುವುದಿಲ್ಲ. ಸ್ವಲ್ಪ ಸಮಯ ಕೊಡಿ. ಬಂದೇ ಬರುತ್ತೇನೆ. ಆ ಮದುವೆಯ ಮಾತನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ. ನೀವು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಿಮ್ಮ ಬಾಮೈದ


ಏಪ್ರಿಲ್ 12

ರಜೆ ಸಿಗದ ದೊಡ್ಡ ಮನುಷ್ಯನಿಗೆ,

ನಿನ್ನ ಗೋದಾಮು ನೀನಿಲ್ಲದಿದ್ದರೆ ಕುಸಿದು ಬೀಳುತ್ತದೆಯೋ ಏನೋ. ನಮ್ಮ ಬ್ಯಾಂಡು ಮಾತ್ರ ನೀನಿಲ್ಲದೆಯೂ ನಡೆಯುತ್ತಿದೆ, ಕುಂಟಿಕೊಂಡು.

ಈಗ ಮದುವೆಯ ಕಾಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಓಡುವುದೇ ಕೆಲಸ. ಬಿಸಿಲಿಗೆ ಮರ ಒಣಗಿ ಬಿರುಕು ಬಿಟ್ಟೀತೆಂದು ಕ್ಲಾರಿನೆಟ್ಟಿಗೆ ಒದ್ದೆ ಬಟ್ಟೆ ಸುತ್ತಿ ಎತ್ತಿಕೊಂಡು ಹೋಗುತ್ತೇನೆ. ನನಗೆ ಸುತ್ತುವವರು ಯಾರೂ ಇಲ್ಲ. ಆ ಕೆಂಪು ಕೋಟು ಗೊತ್ತಲ್ಲ, ಕುತ್ತಿಗೆಯ ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆ, ಬಿಚ್ಚಿದರೆ ಮದುವೆ ಮನೆಯವರಿಗೆ ಸಿಟ್ಟು. ಡ್ರಮ್ಮು ಬಡಿಯುವ ನಮ್ಮ ಗುಡುಗು ಮೊನ್ನೆ ಮಧ್ಯಾಹ್ನ ನಿಂತಲ್ಲೇ ನಿದ್ದೆ ಹೋದ. ಕೈ ಮಾತ್ರ ಬಡಿಯುತ್ತಲೇ ಇತ್ತು. ವಧುವಿನ ತಾಯಿ ಅವನ ಕಣ್ಣು ಮುಚ್ಚಿದ್ದು ನೋಡಿ, ‘ಎಷ್ಟು ತನ್ಮಯ ನೋಡಿ’ ಎಂದು ಕೈ ಮುಗಿದರು. ಇದನ್ನು ಅಕ್ಕನಿಗೆ ಹೇಳಿದೆ. ಬಹಳ ದಿನದ ಮೇಲೆ ನಕ್ಕಳು, ಆಮೇಲೆ ಕೆಮ್ಮಿದಳು. ಇನ್ನು ನಗಿಸಬಾರದು ಅಂದುಕೊಂಡಿದ್ದೇನೆ.

ಸಂಜೆ ಮನೆಗೆ ಬಂದರೆ ಅವಳ ಮಂಚದ ಪಕ್ಕ ಕೂತು ಜೋಡಿ ಧಾಟಿ ಊದುತ್ತೇನೆ. ಒಬ್ಬನೇ. ನನ್ನ ಎದೆಗೆ ಹಳೆಯ ಅಭ್ಯಾಸ. ನಾನು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ನಿಲ್ಲಿಸಿಬಿಡುತ್ತೇನೆ, ಅಲ್ಲಿ ನೀನು ಇರಬೇಕಲ್ಲ, ನೀನಿಲ್ಲ. ಧಾಟಿ ಅಲ್ಲಲ್ಲಿ ತೂತು ಬಿದ್ದು ಹೋಗುತ್ತದೆ. ಆಗ ಅವಳು ಏನು ಮಾಡುತ್ತಾಳೆ ಗೊತ್ತೆ? ಮಲಗಿದಲ್ಲೇ ಕಣ್ಣು ಮುಚ್ಚಿಕೊಂಡು ಆ ತೂತುಗಳಲ್ಲಿ ನಿನ್ನ ಪಾಲನ್ನು ಗುನುಗುತ್ತಾಳೆ. ತೀರ ಸಣ್ಣಗೆ. ಒಂದು ಸ್ವರವೂ ತಪ್ಪುವುದಿಲ್ಲ. ನಾನು ಗೋಡೆಯ ಕಡೆ ತಿರುಗಿ ಊದುತ್ತೇನೆ, ಯಾಕೆಂದು ನೀನೇ ತಿಳಿದುಕೋ.

ಈ ಕಾಗದ ಬರೆಯುವಾಗ ಅವಳು ಪಕ್ಕದಲ್ಲೇ ಮಲಗಿ, ಹೀಗೆ ಬರೀರಿ, ಹಾಗೆ ಬರೀರಿ ಎಂದು ಹೇಳುತ್ತಿದ್ದಾಳೆ. ಅವಳು ಹೇಳಿದ್ದನ್ನೆಲ್ಲ ಬರೆದರೆ ನೀನು ಇನ್ನಷ್ಟು ಮೆರೆಯುತ್ತೀಯ. ಅವಳು ನಿನ್ನನ್ನು ಮುದ್ದು ಮಾಡಿಯೇ ಕೆಡಿಸಿದ್ದು. ಆದ್ದರಿಂದ ನನ್ನ ಮಾತನ್ನೇ ಬರೆಯುತ್ತೇನೆ, ನೆಟ್ಟಗೆ ಓದಿಕೋ. ಬಂದರೆ ಕ್ಲಾರಿನೆಟ್ಟು ಹಿಡಿದು ಬಾ. ಬರಿಗೈಯಲ್ಲಿ ಬರುವುದಾದರೆ ನನ್ನ ಮನೆಯ ಮೆಟ್ಟಿಲು ಹತ್ತಬೇಡ.

ನಿನ್ನ ಭಾವ

(ಕೆಳಗೆ ಬೇರೆ ಕೈಬರಹದಲ್ಲಿ, ಅಕ್ಷರ ನಡುಗಿದಂತೆ)

ತಮ್ಮಾ, ಊಟಕ್ಕೆ ಏನು ಮಾಡ್ಕೋತೀಯ? ಗಟ್ಟಿ ಪದಾರ್ಥ ತಿನ್ನೋಕೆ ಹೋಗಬೇಡ. ಅನ್ನ ಮೆತ್ತಗೆ ಬೇಯಿಸ್ಕೋ. ನಿನ್ನ ದಾರಿ ನೋಡ್ತಿರ್ತೀನಿ. ಅಕ್ಕ.


ಮೇ 9

ಭಾವನವರಿಗೆ ನಮಸ್ಕಾರ.

ಅಕ್ಕನ ಅಕ್ಷರ ನೋಡಿ ಸಂತೋಷವೂ ಆಯಿತು, ಸಂಕಟವೂ ಆಯಿತು. ನಾನು ಮೆತ್ತಗೇ ಬೇಯಿಸಿಕೊಳ್ಳುತ್ತೇನೆ ಎಂದು ಹೇಳಿ.

ಒಂದು ವಿಷಯ ಕೇಳಬೇಕಿತ್ತು, ನಗಬೇಡಿ. ಜೋಡಿ ಧಾಟಿಯಲ್ಲಿ ಕೊನೆಗೆ ನನ್ನ ಪಾಲಿಗೆ ಮೇಲಿನ ಸ್ವರ ಬರುತ್ತದಲ್ಲ, ನೀವು ಉಸಿರು ತುಂಬಿಕೊಳ್ಳುವ ತನಕ ನಾನು ಉದ್ದಕ್ಕೆ ಹಿಡಿಯುವುದು. ಅದನ್ನು ಬಿಟ್ಟು, ಕೆಳಗಿನ ಸ್ವರದಲ್ಲೇ ಹಿಡಿದರೆ ಆಗುತ್ತದೆಯೆ? ಅಕ್ಕನಿಗೆ ಗೊತ್ತಾಗುತ್ತದೆಯೆ? ಸ್ವಲ್ಪ ನಿಧಾನಕ್ಕೂ ನುಡಿಸಬಹುದೆ?

ಇಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಒಂದಿಷ್ಟು ಅಭ್ಯಾಸ ಮಾಡುತ್ತಿದ್ದೇನೆ. ಗೋದಾಮಿನ ತುಂಬ ಕಾಗದದ ಕಟ್ಟು, ಊದಿದ್ದನ್ನೆಲ್ಲ ಅವು ನುಂಗಿಕೊಳ್ಳುತ್ತವೆ. ಯಾರಿಗೂ ತೊಂದರೆ ಇಲ್ಲ. ಇನ್ನೂ ಒಂದೆರಡು ತಿಂಗಳು ಬೇಕಾಗಬಹುದು. ದಯವಿಟ್ಟು ಅಕ್ಕನಿಗೆ ಹೇಳಿ.

ನಿಮ್ಮ ಬಾಮೈದ


ಜುಲೈ 2

ಬಾಮೈದನಿಗೆ,

ಮೇಲಿನ ಸ್ವರ ಬಿಡಬೇಕಂತೆ. ನಿಧಾನಕ್ಕೆ ನುಡಿಸಬೇಕಂತೆ. ಇನ್ನು ಸ್ವಲ್ಪ ದಿನ ಹೋದರೆ ಧಾಟಿಯನ್ನೇ ಬಿಟ್ಟು ಬರೀ ಕೆಮ್ಮಿದರೆ ಸಾಕೆ ಎಂದು ಕೇಳುತ್ತೀಯ. ಚಿಕ್ಕ ವಯಸ್ಸಿನಿಂದ ಊದಿದ ಸ್ವರ ಅದು, ಅದಕ್ಕೆ ನಿನಗೆ ತಿಂಗಳುಗಟ್ಟಲೆ ಅಭ್ಯಾಸ ಬೇಕೆ? ಬರಲು ಮನಸ್ಸಿಲ್ಲ ಎಂದು ನೇರವಾಗಿ ಬರೆ. ನಾಟಕ ಯಾಕೆ.

ಇಲ್ಲಿ ಮಳೆ ಹಿಡಿದಿದೆ. ಮದುವೆ ಇಲ್ಲ, ಅಂಗಡಿ ಉದ್ಘಾಟನೆ ಇಲ್ಲ, ಉದ್ಯಾನದ ಭಾನುವಾರದ ಬ್ಯಾಂಡೂ ಇಲ್ಲ. ಸತ್ತವರ ಮನೆಯವರೂ ಮಳೆ ನೋಡಿ ಬ್ಯಾಂಡು ಬೇಡ ಅನ್ನುತ್ತಾರೆ. ತುಟಿಗಿಡುವ ರೀಡು ನೆನೆದು ಊದಿಕೊಂಡು ಸ್ವರವೇ ಏಳುವುದಿಲ್ಲ. ಕೀಲಿಗಳ ಕೆಳಗಿನ ಚರ್ಮ ಅಂಟಿಕೊಂಡು, ಬೆರಳೆತ್ತಿದರೆ ಪಚ್ ಎನ್ನುತ್ತದೆ. ಬೆಳಿಗ್ಗೆ ಶಾಲೆಗೆ ಹೋಗಿ ಮಕ್ಕಳಿಗೆ ಪ್ರಾರ್ಥನೆಯ ಬ್ಯಾಂಡು ಹೇಳಿಕೊಟ್ಟು ಬರುತ್ತೇನೆ. ಆಮೇಲೆ ಗಂಜಿ ಕಾಯಿಸುತ್ತೇನೆ. ನನ್ನ ಗಂಜಿ ಒಂದು ದಿನ ನೀರು, ಒಂದು ದಿನ ಗಾರೆ. ಅವಳು ಎರಡನ್ನೂ ಚೆನ್ನಾಗಿದೆ ಅನ್ನುತ್ತಾಳೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನಗೆ ಸುಳ್ಳು ಹೇಳಲು ಕಲಿತದ್ದು ಈಗಲೇ.

ಅವಳು ಈಗ ಗುನುಗುವುದಿಲ್ಲ. ಉಸಿರು ಸಾಲುವುದಿಲ್ಲ. ನಿನ್ನ ಜಾಗ ಬಂದಾಗ ಹೊದಿಕೆಯ ಮೇಲೆ ಒಂದು ಬೆರಳು ಎತ್ತುತ್ತಾಳೆ, ಮತ್ತೆ ನಾನು ಶುರು ಮಾಡಿದಾಗ ಇಳಿಸುತ್ತಾಳೆ. ಅಷ್ಟೇ. ನಿನ್ನೆ ಕೆಳಗಿನ ಅಂಗಡಿಯ ದರ್ಜಿ ಹೊಲಿಗೆ ಮೆಷಿನು ನಿಲ್ಲಿಸಿ ಮೆಟ್ಟಿಲ ಮೇಲೆ ಕೂತಿದ್ದ. ‘ಏನಯ್ಯಾ, ಗಲಾಟೆ ಆಯ್ತಾ’ ಎಂದು ಕೇಳಿದೆ. ‘ಇಲ್ಲ, ನಡುನಡುವೆ ನಿಲ್ಲಿಸ್ತೀರಲ್ಲ, ಅದು ಕೇಳೋಕಾಗಲ್ಲ’ ಅಂದ.

ನನಗೂ ಆಗುವುದಿಲ್ಲ ಕಣೋ. ಮೇಲಿನ ಸ್ವರವೋ ಕೆಳಗಿನ ಸ್ವರವೋ, ಏನಾದರೂ ಮಾಡಿ ಬೇಗ ಬಾ.

ನಿನ್ನ ಭಾವ


ಆಗಸ್ಟ್ 30

ಭಾವನವರಿಗೆ,

ಒಳ್ಳೆಯ ಸುದ್ದಿ. ನಿನ್ನೆ ಮೇಲಿನ ಸ್ವರ ಬಂತು. ಪೂರ್ತಿ ಬಂತು, ನೀವು ಎರಡು ಸಲ ಉಸಿರು ತುಂಬಿಕೊಳ್ಳುವಷ್ಟು ಹೊತ್ತು ಹಿಡಿದೆ. ಇಲ್ಲಿನ ಹಮಾಲಿಯೊಬ್ಬ ಮೂಟೆ ಕೆಳಗಿಟ್ಟು ನಿಂತುಬಿಟ್ಟ. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ಅವನಿಗೆ ತಿಳಿಯಲಿಲ್ಲ.

ರಜೆ ಕೇಳಿದೆ, ಕೊಟ್ಟಿದ್ದಾರೆ. ಬರುವ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀವು ಹೇಳಿದ ಹಾಗೆ ಕ್ಲಾರಿನೆಟ್ಟು ತೆಗೆದುಕೊಂಡೇ ಬರುತ್ತೇನೆ ಭಾವ. ಅಕ್ಕನಿಗೆ ಹೇಳಿ, ಏನನ್ನೂ ಬಿಡದೆ ನುಡಿಸುತ್ತೇನೆ. ಆಮೇಲೆ ನೀವು ಬೇಕಾದಷ್ಟು ಬೈಯಿರಿ, ಕೂತು ಕೇಳುತ್ತೇನೆ.

ನಿಮ್ಮ ಬಾಮೈದ


ಸೆಪ್ಟೆಂಬರ್ 16

ನೀನು ಬರುತ್ತೇನೆಂದ ಭಾನುವಾರಕ್ಕೆ ಮುಂಚಿನ ಶುಕ್ರವಾರ ಅವಳು ಹೋದಳು. ಬೆಳಿಗ್ಗೆ ಹಾಲು ಕಾಯಿಸಿಕೊಂಡು ಬಂದೆ, ಬಟ್ಟಲು ಹಿಡಿದುಕೊಂಡು ಎಷ್ಟೋ ಹೊತ್ತು ಕರೆದೆ.

ಕಂಡಕ್ಟರ ಕೈಲಿ ಹೇಳಿ ಕಳಿಸಿದೆ. ನಿನ್ನ ಗೋದಾಮಿಗೇ ಹೋಗಿ ನಿನಗೇ ಹೇಳಿದೆ ಎಂದು ಅವನು ಆಣೆ ಮಾಡುತ್ತಾನೆ. ಮಾರನೆಯ ದಿನ ಮಧ್ಯಾಹ್ನದ ತನಕ ಕಾದೆ. ಎಲ್ಲರೂ ‘ಇನ್ನೂ ಎಷ್ಟು ಹೊತ್ತು, ಎತ್ತೋಣ’ ಅಂದರು. ‘ಅವಳ ತಮ್ಮ ಬರ್ತಾನೆ, ಇರ್ರೋ’ ಅಂದೆ. ನೀನು ಬರಲಿಲ್ಲ. ಊರಿನ ಮುಂದೆ ನನ್ನ ಮಾತು ಮಣ್ಣಾಯಿತು, ಅದು ಹೋಗಲಿ. ಅವಳ ಮುಖ ಕೊನೆಯ ಸಲ ನೋಡಬೇಕೆಂದು ನಿನಗೆ ಅನ್ನಿಸಲಿಲ್ಲವಲ್ಲ, ಅದು ಹೇಗಾಯಿತೋ ನಿನಗೆ? ತಾಯಿ ಸತ್ತ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು.

ಗುಡುಗು ಹೇಳಿದ, ‘ಮಾಸ್ತರೆ, ಇವತ್ತು ನೀವು ಊದಬೇಡಿ, ಸುಮ್ಮನೆ ನಡೀರಿ’ ಎಂದು. ಸುಮ್ಮನೆ ನಡೆಯಲು ನನಗೆ ಬರುವುದಿಲ್ಲ. ಊರಿನ ಎಲ್ಲರ ಹೆಣದ ಮುಂದೆ ಊದಿದವನು ಅವಳ ಮುಂದೆ ಊದದಿದ್ದರೆ ಹೇಗೆ. ಜೋಡಿ ಧಾಟಿಯನ್ನೇ ಊದಿದೆ. ಇವತ್ತು ನಿನ್ನ ಜಾಗವನ್ನೆಲ್ಲ ನಾನೇ ತುಂಬಿಬಿಡುತ್ತೇನೆ, ಎದೆ ಒಡೆದರೂ ಸರಿ, ಆ ಧಾಟಿಯಲ್ಲಿ ನಿನ್ನ ಗುರುತೂ ಉಳಿಯಬಾರದು ಎಂದು ಹಟ ತೊಟ್ಟೆ. ಆಗಲಿಲ್ಲ. ಆ ಜಾಗ ಬಂದರೆ ಎದೆ ತಾನಾಗಿ ನಿಂತುಬಿಡುತ್ತಿತ್ತು. ಗುಡುಗಿನ ಡ್ರಮ್ಮು ಒಂದೇ ಕೇಳುತ್ತಿತ್ತು, ಜನರ ಹೆಜ್ಜೆ ಕೇಳುತ್ತಿತ್ತು.

ಇನ್ನು ನನಗೆ ಬರೆಯಬೇಡ. ನನಗೆ ಬಾಮೈದ ಇಲ್ಲ.


ಅಕ್ಟೋಬರ್ 5

ಭಾವನವರಿಗೆ,

ಬರೆಯಬೇಡ ಅಂದಿರಿ. ಇದೊಂದು ಸಲ ಓದಿ ಒಲೆಗೆ ಹಾಕಿಬಿಡಿ.

ನಾನು ಬಂದಿದ್ದೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು, ಉಳಿದ ದಾರಿ ನಡೆದು, ಓಡಿ ಬಂದೆ. ಸೇತುವೆಯ ಹತ್ತಿರ ಬರುವ ಹೊತ್ತಿಗೆ ನೀವು ಎದುರಿಗೆ ಬರುತ್ತಿದ್ದಿರಿ. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ, ಜನರ ಹಿಂದೆ ನಿಂತೆ. ನೀವು ಕಣ್ಣು ಮುಚ್ಚಿಕೊಂಡು ಊದುತ್ತಿದ್ದಿರಿ, ನನ್ನನ್ನು ನೋಡಲಿಲ್ಲ. ನನ್ನ ಕೈಯಲ್ಲಿ ಪೆಟ್ಟಿಗೆ ಇತ್ತು. ನೀವು ನನ್ನ ಜಾಗಗಳನ್ನೆಲ್ಲ ಹಾಗೇ ಬಿಟ್ಟಿದ್ದಿರಿ ಭಾವ. ಒಂದೊಂದು ಬಂದಾಗಲೂ ಪೆಟ್ಟಿಗೆಯ ಹಿಡಿಯ ಮೇಲೆ ನನ್ನ ಬೆರಳು ಆಡಿದವು. ತೆರೆದು ಸೇರಿಕೊಳ್ಳಬಹುದಿತ್ತು. ಆದರೆ ಕೇಳುವವಳೇ ಮಲಗಿಬಿಟ್ಟಿದ್ದಳು. ಇಷ್ಟು ತಿಂಗಳು ಕಾಯಿಸಿ, ಈಗ ಊರಿನವರಿಗೆ ಕೇಳಿಸಲು ಊದಲೆ? ಹತ್ತಿರ ಬರಲು ಮುಖ ಇರಲಿಲ್ಲ. ನೀವೆಲ್ಲ ಮುಂದೆ ಹೋದ ಮೇಲೆ ತಿರುಗಿ ನಡೆದೆ.

ಮೊದಲೇ ಹೇಳಬೇಕಾಗಿದ್ದದ್ದನ್ನು ಈಗ ಹೇಳುತ್ತೇನೆ. ಆ ಮದುವೆಯ ದಿನ ನನ್ನ ಮುಂದಿನ ಹಲ್ಲು ಬಾಯಲ್ಲಿ ಅಲ್ಲಾಡುತ್ತಿತ್ತು. ಕ್ಲಾರಿನೆಟ್ಟಿನ ತುದಿಯನ್ನು ಬಾಯಲ್ಲಿ ಹಿಡಿದು ನಿಲ್ಲಿಸುವುದೇ ಮೇಲಿನ ಹಲ್ಲು, ಅದು ಜಾರಿತು, ಸ್ವರ ಕಿರುಚಿತು. ಇಲ್ಲಿಗೆ ಬಂದ ಮೇಲೆ ದಂತವೈದ್ಯರು ಒಸಡು ಕೆಟ್ಟಿದೆ ಎಂದು ಮೇಲಿನ ಸಾಲನ್ನು ಪೂರ್ತಿ ಕಿತ್ತರು. ಹಲ್ಲಿಲ್ಲದ ಕ್ಲಾರಿನೆಟ್ಟಿನವನು ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು, ಅದರಲ್ಲೂ ನಿಮ್ಮ ಹತ್ತಿರ. ಅಕ್ಕನಿಗೆ ಹೇಳಿದರೆ ಅವಳು ಅತ್ತುಬಿಡುತ್ತಿದ್ದಳು.

ನಿಮ್ಮ ಮೊದಲ ಕಾಗದ ಬಂದಾಗಲೇ ಓಡಿ ಬರಬೇಕೆಂದು ಕಾಲು ಎಳೆಯಿತು. ಭಾವ ಕರೆದದ್ದು ಊದುವುದಕ್ಕೆ, ಊದಲಾಗದ ಬಾಯಿ ಹೊತ್ತು ಹೇಗೆ ಹೋಗಲಿ ಎಂದು ತಡೆದೆ. ಎರಡನೆಯ ಕಾಗದದಲ್ಲಿ ಬರಿಗೈಯಲ್ಲಿ ಬಂದರೆ ಮೆಟ್ಟಿಲು ಹತ್ತಬೇಡ ಅಂದಿರಿ. ಕಟ್ಟಿಸಿದ ಹಲ್ಲು ಹಾಕಿಸಿಕೊಂಡೆ. ಊದಿದರೆ ಅದು ಜಾರುತ್ತಿತ್ತು, ಗುಂಯ್ ಅನ್ನುತ್ತಿತ್ತು, ಒಸಡು ಸುಲಿದು ಬಾಯೆಲ್ಲ ರಕ್ತ. ಮೊದಲಿನ ಹಾಗೆ ಸರಿಗಮದಿಂದ ಶುರು ಮಾಡಿದೆ. ಅದಕ್ಕೇ ಮೇಲಿನ ಸ್ವರ ಬಿಡಬಹುದೆ ಎಂದು ಕೇಳಿದ್ದು. ನಾಟಕವಾಗಿರಲಿಲ್ಲ.

ಒಂದೇ ಒಂದು ತಿಳಿಸಿ, ಆಮೇಲೆ ನಾನು ಬರೆಯುವುದಿಲ್ಲ. ಅಕ್ಕ ಕೊನೆಗೆ ನನ್ನ ಬಗ್ಗೆ ಏನಾದರೂ ಅಂದಳೆ? ಧಾಟಿ ಕೇಳಲಾಗಲಿಲ್ಲ ಎಂದು ಕೊರಗಿದಳೆ?

ನಿಮ್ಮ ಬಾಮೈದನಾಗಿದ್ದವನು


ನವೆಂಬರ್ 20

ತಮ್ಮಾ,

ನಾನು ನಿನ್ನನ್ನು ಎಂದೂ ಹಾಗೆ ಕರೆದವನಲ್ಲ. ಇವತ್ತು ಬೇರೆ ಏನೆಂದು ಕರೆಯಲೂ ನನಗೆ ಯೋಗ್ಯತೆಯಿಲ್ಲ. ಉತ್ತರ ಬರೆಯಲು ಕೂತು ಎಷ್ಟು ಹಾಳೆ ಹರಿದೆನೋ. ಚಳಿ ಶುರುವಾಗಿದೆ. ವಾದ್ಯ ಬೆಚ್ಚಗಾಗುವ ತನಕ ಸ್ವರ ಇಳಿದೇ ಇರುತ್ತದೆ, ಅವಳು ಮೊದಲು ಅದನ್ನು ಸೆರಗಿನಲ್ಲಿ ಸುತ್ತಿಟ್ಟು ಕೊಡುತ್ತಿದ್ದಳು. ಈಗ ನಾನು ಪೆಟ್ಟಿಗೆಯನ್ನೇ ತೆಗೆಯುವುದಿಲ್ಲ. ಶಾಲೆಗೆ ಬರಿಗೈಯಲ್ಲಿ ಹೋಗಿ ಮಕ್ಕಳಿಗೆ ಬಾಯಲ್ಲಿ ಹೇಳಿಕೊಟ್ಟು ಬರುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಧಾಟಿ ಕೇಳಲಾಗಲಿಲ್ಲ ಎಂದು ಅವಳು ಕೊರಗಲಿಲ್ಲ. ಅವಳು ಅದನ್ನು ಬೇಕೆಂದು ಕೇಳಿಯೇ ಇರಲಿಲ್ಲ. ಅವಳು ಕೇಳಿದ್ದು ನಿನ್ನನ್ನು. ಧಾಟಿ ಸೇರಿಸಿದವನು ನಾನು.

ಏಪ್ರಿಲ್ ತಿಂಗಳಲ್ಲಿ ಅವಳು ಪಕ್ಕದಲ್ಲಿ ಮಲಗಿ ಬರೆಸಿದಳಲ್ಲ, ನಾನು ಬರೆಯಲಿಲ್ಲವಲ್ಲ, ಅವಳು ಹೇಳಿದ್ದು ಇದು: ‘ಊದೋದೆಲ್ಲ ಬೇಡ ಅಂತ ಬರೀರಿ. ಅವನ ಬಾಯಿ ಸರಿಯಿಲ್ಲ ಅನ್ಸುತ್ತೆ, ಹೋಗೋ ಮುಂಚೆ ಬ್ರೆಡ್ಡನ್ನೂ ಹಾಲಿಗೆ ಅದ್ದಿ ತಿಂತಿದ್ದ. ಬರಿಗೈಯಲ್ಲಿ ಬರಲಿ, ನನ್ನ ಪಕ್ಕ ಕೂರಲಿ ಸಾಕು.’ ನಾನು ಹೂಂ ಹೂಂ ಎಂದು ತಲೆಯಾಡಿಸಿದೆ. ಬಾಯಿ ಸರಿಯಿಲ್ಲವಂತೆ, ಇವಳು ತಮ್ಮನಿಗೆ ನೆಪ ಹುಡುಕುತ್ತಿದ್ದಾಳೆ ಅಂದುಕೊಂಡೆ. ಕಲಾವಿದನನ್ನು ಕರೆಸಬೇಕಾದರೆ ಮುದ್ದು ಮಾಡಿದರೆ ಆಗುವುದಿಲ್ಲ, ಚುಚ್ಚಬೇಕು, ರೋಷ ಬಂದರೆ ಓಡಿ ಬರುತ್ತಾನೆ ಎಂದು ನನ್ನ ಲೆಕ್ಕ. ನನ್ನನ್ನು ಯಾರಾದರೂ ಹಾಗೆ ಚುಚ್ಚಿದ್ದರೆ ನಾನು ಆವತ್ತೇ ಬರುತ್ತಿದ್ದೆ. ಎಲ್ಲರ ಎದೆಯೂ ನನ್ನ ಹಾಗೇ ಇರುತ್ತದೆ ಅಂದುಕೊಂಡುಬಿಟ್ಟೆ. ಬರೆದು ಮುಗಿಸಿ ಅವಳಿಗೆ ಓದಿ ಹೇಳಿದೆ. ಹಾಳೆಯಲ್ಲಿ ಇಲ್ಲದ್ದನ್ನು ಓದಿದೆ, ಅವಳು ಹೇಳಿದ ಹಾಗೇ. ಅವಳಿಗೆ ಸಮಾಧಾನವಾಯಿತು. ಪೆನ್ನು ಇಸಿದುಕೊಂಡು, ನಾನು ಮಡಚಿ ಹಿಡಿದ ಹಾಳೆಯ ಕೆಳಗೆ ಆ ಊಟದ ಮಾತು ಬರೆದಳು.

ಆಮೇಲೆ ಅಂಚೆಯವನು ಬಂದು ಹೋದಾಗಲೆಲ್ಲ ಅವಳದು ಒಂದೇ ಮಾತು. ‘ಬರಿಗೈಯಲ್ಲಿ ಬಾ ಅಂದ್ರೂ ಬರ್ತಿಲ್ಲ ಅಂದ್ರೆ, ಅವನಿಗೆ ನನ್ನ ಮೇಲೂ ಸಿಟ್ಟೇನ್ರೀ?’ ಇಲ್ಲ ಕಣೇ, ರಜೆ ಇಲ್ಲವಂತೆ ಎನ್ನುತ್ತಿದ್ದೆ. ಆಗಲಾದರೂ ನಿಜ ಹೇಳಬಹುದಿತ್ತು, ನಿನಗೆ ಇನ್ನೊಂದು ಕಾಗದ ಬರೆಯಬಹುದಿತ್ತು. ಬರೆದದ್ದನ್ನು ವಾಪಸು ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲವಲ್ಲ. ಮಳೆಗಾಲವೆಲ್ಲ ಅವಳು ಅದನ್ನೇ ಯೋಚಿಸುತ್ತ ಮಲಗಿದ್ದಳು. ನಾನು ಪಕ್ಕದಲ್ಲಿ ಕೂತು ಧಾಟಿ ಊದುತ್ತಿದ್ದೆ.

ನಿನ್ನ ಆಗಸ್ಟ್ ಕಾಗದ ಓದಿ ಹೇಳಿದಾಗ ಅವಳ ಮುಖ ಅರಳಿತು. ಆಮೇಲೆ, ‘ಕ್ಲಾರಿನೆಟ್ ಯಾಕೆ ತರ್ತಾನೆ, ಬೇಡ ಅಂದಿದ್ನಲ್ಲ’ ಅಂದಳು. ಬಹಳ ಹೊತ್ತು ನನ್ನನ್ನೇ ನೋಡಿದಳು. ಅವಳಿಗೆ ಗೊತ್ತಾಯಿತು ಕಣೋ. ಬೈಯಲಿಲ್ಲ. ‘ನೀವು ಅನ್ನ ಮೆತ್ತಗೆ ಮಾಡೋದು ಕಲೀರಿ, ಅವನು ಬರೋದ್ರೊಳಗೆ’ ಅಂದಳು. ಇದೇ ಅವಳು ನಿನ್ನ ಬಗ್ಗೆ ಆಡಿದ ಕೊನೆಯ ಮಾತು.

ಕಲಿತಿದ್ದೇನೆ. ಮೊದಮೊದಲು ತಳ ಹಿಡಿಸುತ್ತಿದ್ದೆ, ಈಗ ಬೆರಳಲ್ಲಿ ಒತ್ತಿದರೆ ಹಿಟ್ಟಾಗುತ್ತದೆ. ದಿನವೂ ಇಬ್ಬರಿಗೆ ಆಗುವಷ್ಟು ಮಾಡುತ್ತೇನೆ, ಕಡಿಮೆ ಅಳತೆ ನನಗೆ ಬರುವುದಿಲ್ಲ. ಅವಳ ಮಂಚ ಕಿಟಕಿಯ ಹತ್ತಿರ ಹಾಗೇ ಇದೆ. ಪಕ್ಕದಲ್ಲಿ ನಿನಗೆಂದು ಅವಳು ಇಡಿಸಿದ್ದ ಸ್ಟೂಲನ್ನು ನಾನು ಸರಿಸಿಲ್ಲ.

ಈಗ ಅವಳು ಬರೆಸಿದ್ದನ್ನು ಬರೆಯುತ್ತೇನೆ. ಊದುವುದೆಲ್ಲ ಬೇಡ. ಬರಿಗೈಯಲ್ಲಿ ಬಾ.

ನಿನ್ನ ಭಾವ